ಮದುವೆಗೆ ಮುನ್ನ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು. ಉಭಯಕುಶಲೋಪರಿ.

ಮೊನ್ನೆ ಫೋನಿನಲ್ಲಿ ನೀನು, “ಒಪ್ಪಿಗೆ ಇದೆಯೋ ಇಲ್ಲವೋ, ಅಷ್ಟು ಹೇಳಿ ಅಪ್ಪಾ” ಎಂದು ಸಿಟ್ಟಿನಿಂದ ಕರೆ ತುಂಡರಿಸಿದೆ. ಒಪ್ಪಿಗೆ ಇದೆ. ಹುಡುಗನ ಬಗ್ಗೆಯಾಗಲಿ ಅವನ ತಂದೆತಾಯಿಯ ಬಗ್ಗೆಯಾಗಲಿ ನನಗೆ ಒಂದಿಷ್ಟೂ ಅಳುಕಿಲ್ಲ. ನೈಜೀರಿಯಾದ ಪೋರ್ಟ್ ಹಾರ್ಕೋರ್ಟಿನಲ್ಲೇ ಬೆಳೆದ ನಿನಗೆ, ಆ ನೆಲದವರೇ ಆದ ಅವನ ಇಕ್ವೆರೆ ಜನರನ್ನು ನಾನು ಪರಿಚಯಿಸಬೇಕಾಗಿಯೂ ಇಲ್ಲ.

ನನ್ನ ಮನಸ್ಸು ತಡೆಯುವುದು ಅವರಲ್ಲಿನ ಹಿರಿಮಗಳ ಪದ್ಧತಿಯ ವಿಷಯದಲ್ಲಿ. ಟ್ರಾನ್ಸ್ ಅಮಾಡಿಯ ನಮ್ಮ ಬೀದಿಯ ತಿರುವಿನಲ್ಲಿ ಕೆಂಡದ ಮೇಲೆ ಬಾಳೆಕಾಯಿಯನ್ನೂ ಮೀನನ್ನೂ ಸುಟ್ಟು ಮಾರುತ್ತಿದ್ದ ಹೆಂಗಸು ತನ್ನ ತಂದೆಗೆ ಮೊದಲ ಮಗಳು. ಇಕ್ವೆರೆಯ ಕೆಲವು ಊರುಗಳಲ್ಲಿ ಹಿಂದೆ ಮೊದಲ ಮಗಳನ್ನು ಮದುವೆ ಮಾಡಿ ಕಳುಹಿಸುತ್ತಿರಲಿಲ್ಲ. ಆಕೆಗಾಗಿ ತೆರ, ಅಂದರೆ ಗಂಡಿನ ಕಡೆಯವರು ಕೊಡುವ ಕನ್ಯಾಶುಲ್ಕ, ಪಡೆಯದ ಕಾರಣ, ತವರಿನಲ್ಲೇ ಉಳಿದು ಆಕೆ ಹೆತ್ತ ಮಕ್ಕಳು ಆಕೆಯ ತಂದೆಯ ಮನೆತನಕ್ಕೇ ಸೇರುತ್ತಿದ್ದರು. ಮದುವೆ ಏಕೆ ಆಗಲಿಲ್ಲವೆಂದು ನಿನ್ನ ಅಮ್ಮ ಒಮ್ಮೆ ಕೇಳಿದಾಗ, ಆಕೆ ಬಾಳೆಕಾಯಿ ಮಗುಚುತ್ತಾ, ಅಪ್ಪ ಬಿಟ್ಟುಕೊಡಲಿಲ್ಲ ಎಂದಷ್ಟೇ ಹೇಳಿದಳು. ಆ ದನಿಯಲ್ಲಿದ್ದದ್ದು ಹೆಮ್ಮೆಯೋ ದುಃಖವೋ ನನಗೆ ಇಂದಿಗೂ ತಿಳಿದಿಲ್ಲ. ನಿನಗೆ ಮೊದಲು ಹೆಣ್ಣುಮಗು ಹುಟ್ಟಿದರೆ ಅವಳನ್ನೂ ಹೀಗೆಯೇ ಕಟ್ಟಿಹಾಕುವರೇ ಎಂಬ ಯೋಚನೆಯಿಂದ ನಿದ್ದೆ ಹಾರುತ್ತದೆ.

ನೀನು ನಗುವೆ ಎಂದು ಬಲ್ಲೆ. ನಮ್ಮ ಅಳಿಯಸಂತಾನದ ಮನೆಯಲ್ಲಿ ಅಜ್ಜಿಯೂ ತವರು ಬಿಟ್ಟವರಲ್ಲ. ಆದರೆ ನಮ್ಮಲ್ಲಿ ವಂಶವೇ ಹೆಣ್ಣಿನಿಂದ ಮುಂದುವರಿಯುತ್ತಿತ್ತು. ಅಲ್ಲಿ ಮಗಳು ಉಳಿಯುತ್ತಿದ್ದದ್ದು ತಂದೆಯ ವಂಶ ಬೆಳೆಸುವುದಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಕಾಲ ಬದಲಾಗಿದೆ ಎನ್ನುವೆಯಾದರೆ, ಅದೂ ನಿಜ. ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲನ್ನು ತಡೆಯಬಾರದೆಂಬ ರಿವರ್ಸ್ ರಾಜ್ಯದ ಕಾನೂನಿಗೆ 2022ರಲ್ಲಿ ಸಹಿ ಹಾಕಿದ ಅಂದಿನ ಗವರ್ನರ್ ವಿಕೆ ಸ್ವತಃ ಇಕ್ವೆರೆಯವರು. ಆದರೂ ಮದುವೆಯನ್ನು ರಿಜಿಸ್ಟರ್ ಮಾಡಿಸು, ಕಾಗದಪತ್ರಗಳನ್ನು ನಿನ್ನ ಬಳಿಯೇ ಇಟ್ಟುಕೋ, ಜಮೀನಿನ ಮಾತು ಬಂದಾಗ ಹೊರಗಿನವಳೆಂದು ಎದ್ದು ಹೋಗಬೇಡ. ಇಕ್ವೆರೆಯವರೇ ಆದ ಡಿಯೋಬು ಜನರ ಬೇಸಾಯದ ಭೂಮಿಯ ಮೇಲೆ ಬ್ರಿಟಿಷರು ಬಂದರು ಕಟ್ಟಿ, 1913ರಲ್ಲಿ ಅದಕ್ಕೆ ತಮ್ಮ ವಸಾಹತು ಮಂತ್ರಿ ಹಾರ್ಕೋರ್ಟನ ಹೆಸರಿಟ್ಟರು. ನೆಲ ಕಳೆದುಕೊಂಡವರ ಮನೆಯಲ್ಲಿ ನೆಲದ ಮಾತು ಸುಲಭಕ್ಕೆ ಮುಗಿಯುವುದಿಲ್ಲ. ಇನ್ನೊಂದು ಮಾತು: ಇಕ್ವೆರೆಯವರು ಇಗ್ಬೋ ಎಂಬ ದೊಡ್ಡ ಜನಾಂಗಕ್ಕೆ ಸೇರಿದವರೋ ಅಲ್ಲವೋ ಎಂಬ ಚರ್ಚೆಗೆ ನೀನು ಬಾಯಿ ಹಾಕಬೇಡ. 1967ರಿಂದ 1970ರವರೆಗೆ ಬಿಯಾಫ್ರಾ ಎಂಬ ಪ್ರತ್ಯೇಕ ದೇಶಕ್ಕಾಗಿ ಇಗ್ಬೋಗಳು ಹೋರಾಡಿ ಸೋತ ಯುದ್ಧದ ನಂತರ, ತಾವು ಬೇರೆಯೆಂದು ತೋರಿಸಲು ಊರುಗಳ ಹೆಸರಿನ ಕಾಗುಣಿತವನ್ನೇ ಬದಲಿಸಿಕೊಂಡವರು ಅವರು. ನೋಡು, ಉಪದೇಶ ಮಾಡುವುದಿಲ್ಲವೆಂದುಕೊಂಡೇ ಬರೆಯಲು ಕುಳಿತಿದ್ದೆ.

ತೆರ ಬೇಡವೆಂದು ಅವರಿಗೆ ಹೇಳಿಬಿಡಿ ಎಂದಿದ್ದೆಯಲ್ಲ, ಅದನ್ನು ಮಾತ್ರ ನಾನು ಕೇಳುವುದಿಲ್ಲ. ತೆರ ಕೊಟ್ಟರೇ ಅವರ ಹಿರಿಯರ ಲೆಕ್ಕದಲ್ಲಿ ನೀನು ಆ ಮನೆಯ ಸೊಸೆ, ನಿನ್ನ ಮಕ್ಕಳು ಆ ಮನೆಯವರು. ಹೆಣ್ಣಿನ ಕಡೆಯವರಾಗಿ, ಗಂಡಿನವರು ತರಬೇಕಾದ ವಸ್ತುಗಳ ಪಟ್ಟಿ ಬರೆಯುವ ಯೋಗ ನಮ್ಮ ನೆಂಟರಿಷ್ಟರಲ್ಲಿ ಯಾರಿಗೂ ಒದಗಿರಲಿಲ್ಲ, ಹಾಗಾಗಿ ಅಮ್ಮ ಎರಡು ದಿನದಿಂದ ಪೆನ್ನು ಹಿಡಿದು ಕುಳಿತಿದ್ದಾಳೆ. ಗೆಣಸಿನ ಗೆಡ್ಡೆ, ಸೀರೆ, ತೆಂಗಿನಕಾಯಿ ಎಂದಿಷ್ಟು ಬರೆದಿದ್ದಾಳೆ. ಅಲ್ಲಿ ಸೀರೆ ಎಲ್ಲಿ ಸಿಗುತ್ತದೆಂದು ಹುಡುಗನ ಅಮ್ಮನನ್ನು ಕೇಳಿ ತಿಳಿಸು.

ಇತಿ,
ನಿನ್ನ ಅಪ್ಪ