ಸಿಂಹಗಡಕ್ಕೆ ಬಾ, ಉದ್ದನೆಯ ಲೆನ್ಸ್ ಮರೆಯಬೇಡ

ಪ್ರೀತಿಯ ಗೆಳೆಯಾ,

ಹೊಸ ಕ್ಯಾಮೆರಾ ತಗೊಂಡೆ ಅಂತ ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಒಂದೇ ಧ್ಯಾನ, ನಿನ್ನನ್ನು ಸಿಂಹಗಡ ಕೋಟೆ ಹತ್ತಿಸಬೇಕು. ಪುಣೆಯಿಂದ ಸುಮಾರು 30 ಕಿಲೋಮೀಟರ್, ಅಷ್ಟೇ. ಮೊನ್ನೆ ಹೋಗಿ ಬಂದೆ, ಅದರ ಗುಂಗು ಇನ್ನೂ ಇಳಿದಿಲ್ಲ.

ಬುಡದ ಹಳ್ಳಿ ಅತಕರವಾಡಿಯಿಂದ ಕತ್ತಲಿರುವಾಗಲೇ ಹತ್ತಬೇಕು. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಕೋಟೆ ಗೆಲ್ಲಲು ರಾತ್ರೋರಾತ್ರಿ ಹತ್ತಿದ ಗುಡ್ಡ ಇದು. ಟಾರ್ಚ್ ಬೆಳಕಿನಲ್ಲಿ ಆ ಏರು ತುಳಿಯುವಾಗ ಅವರ ನೆನಪು ಬಾರದೆ ಇರುವುದಿಲ್ಲ. ಪಕ್ಕದಲ್ಲೇ ವಯಸ್ಸಾದವರು ಕೋಲೂರಿಕೊಂಡು ಸರಸರ ಹತ್ತಿ ಹೋಗುತ್ತಾರೆ. ಪುಣೆಯ ಎಷ್ಟೋ ಜನರಿಗೆ ಇದೇ ಬೆಳಗಿನ ವಾಕಿಂಗ್.

ಮೇಲೆ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಚಳಿಗಾಲದಲ್ಲಿ ಸೂರ್ಯ ಪುರಂದರ ಕೋಟೆಯ ದಿಕ್ಕಿನಿಂದ ಏಳುತ್ತಾನೆ, ಚಂದವೇ. ಆದರೆ ನನ್ನ ಮಾತು ಕೇಳು, ಅದನ್ನು ಬಿಟ್ಟು ಈ ಕಡೆ ತಿರುಗು. ನೈಋತ್ಯಕ್ಕೆ ರಾಜಗಡ, ಅದರ ಬಲಕ್ಕೆ ತೋರಣಾ, ಎರಡೂ ಬೆಟ್ಟದ ಕೋಟೆಗಳೇ. ಮೊದಲ ಬಿಸಿಲು ನೆತ್ತಿಗಳಿಗೆ ತಾಗಿದಾಗ ಕೆಳಗಿನ ಕಣಿವೆಗಳಲ್ಲಿ ಇನ್ನೂ ನೀಲಿ ನೆರಳು. ಈ ಬೆಟ್ಟಗಳೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ನಡುಹಗಲಲ್ಲಿ ಅದು ಗೊತ್ತೇ ಆಗುವುದಿಲ್ಲ. ಓರೆಬಿಸಿಲು ಬಿದ್ದರೆ ಒಂದೊಂದು ಪದರವೂ ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತದೆ.

ಇದಕ್ಕೆ ವೈಡ್ ಲೆನ್ಸ್ ಸಾಲದು, ಅದರಲ್ಲಿ ಅಷ್ಟು ದೊಡ್ಡ ರಾಜಗಡವೂ ಕುಗ್ಗಿಹೋಗುತ್ತದೆ. 200 ಎಂ.ಎಂ.ನ ಉದ್ದನೆಯ ಲೆನ್ಸಿನಲ್ಲಿ ನೋಡು, ಸಾಲುಸಾಲು ಬೆಟ್ಟಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ, ಹಿಂದಕ್ಕೆ ಹೋದಷ್ಟೂ ಬಣ್ಣ ತೆಳು. ಟ್ರೈಪಾಡಿನ ಕಾಲು ಪೂರ್ತಿ ಎಳೆಯಬೇಡ, ಮೇಲೆ ಗಾಳಿ ಜೋರು. ಸ್ಕ್ರೀನಿನಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಿದಾಗ ರಾಜಗಡದ ನೆತ್ತಿಯ ಒಳಕೋಟೆ ಬಾಲೇಕಿಲ್ಲಾದ ಅಂಚು ನಡುಗುತ್ತಿತ್ತು. ಬ್ಯಾಗನ್ನು ಟ್ರೈಪಾಡಿನ ನಡುಕಂಬಕ್ಕೆ ನೇತುಹಾಕಿದೆ, ಅದರ ತಳ ನೆಲಕ್ಕೆ ತಾಗುವ ಹಾಗೆ. ಅಂಚು ನಿಂತಿತು. ಬೆಳಕಿನ ಸಂವೇದನೆ ಐಎಸ್ಒ 100, ಲೆನ್ಸಿನ ಕಿಂಡಿ ಎಫ್ 8, ಕೈ ತಾಗಿದ ನಡುಕ ನಿಲ್ಲಲು ಎರಡು ಸೆಕೆಂಡಿನ ಟೈಮರ್ ಇಟ್ಟು ಬಟನ್ ಒತ್ತು, ಸಾಕು.

ಸೂರ್ಯ ಮೂಡಿದ ಕೂಡಲೇ ಕ್ಯಾಮೆರಾ ಮುಚ್ಚುವ ಜನರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಣಿವೆಯ ಮಂಜು ಅಲುಗಾಡುವುದೇ ಆಮೇಲೆ! ರಾತ್ರಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ಅಲ್ಲೇ ಕೂತಿರುತ್ತದೆ. ನೆಲ ಕಾದ ಹಾಗೆ ಮಂಜು ಎದ್ದು, ಹರಿದು, ಹಳ್ಳಿಯ ಒಂದಿಷ್ಟು ಮನೆ ತೋರಿಸಿ ಮತ್ತೆ ಮುಚ್ಚುತ್ತದೆ. ಮೊನ್ನೆ ನನಗೆ ಸಿಕ್ಕ ಒಳ್ಳೆಯ ಫೋಟೋ ಆ ಹೊತ್ತಿನದೇ.

ಆಮೇಲೆ ಕಡಲೆಹಿಟ್ಟಿನ ಪಿಠಲ, ರೊಟ್ಟಿಯಂಥ ಭಾಕರಿ, ಮಡಕೆ ಮೊಸರು. ಪಿಠಲ ನಮ್ಮ ಝುಣಕಕ್ಕಿಂತ ತುಸು ತೆಳು, ಆದರೆ ಕಟ್ಟಿಗೆ ಒಲೆಯ ಬಿಸಿ ಭಾಕರಿಗೆ ಅದೇ ಸರಿ.

ಡಿಸೆಂಬರಿನೊಳಗೆ ಬಾ, ಬೇಸಿಗೆಯಲ್ಲಿ ಬರೀ ಮಬ್ಬು. ಶನಿವಾರ, ಭಾನುವಾರ ಬೇಡ, ಜಾತ್ರೆಯಷ್ಟು ಜನ. ವೈನಿ ಬರುತ್ತಾರೇನು ಕೇಳು, ಮನೆಯಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಧಾರವಾಡದಿಂದ ಟಿಕೆಟ್ ಆದ ಕೂಡಲೇ ತಿಳಿಸು, ರಜೆ ಹಾಕುತ್ತೇನೆ.

ನಿನ್ನ ಗೆಳೆಯ,
ಪುಣೆ