ಮಂಡ್ಯದಲ್ಲಿ ಇಳಿದು ಹೋದ ಅಜ್ಜಿಗೆ

2024ರ ಪ್ಯಾರಿಸ್ ಒಲಿಂಪಿಕ್ಸ್ ಶುರುವಾದ ಜುಲೈ 26ರ ರಾತ್ರಿ ಮೊದಲ ಕುಣಿಕೆ ಹಾಕಿ, ಆಗಸ್ಟ್ 11ರ ಸಮಾರೋಪದೊಳಗೆ ಸ್ವೆಟರ್ ಮುಗಿಸಬೇಕು. ನಾವು ಐದು ಜನ ಗೆಳತಿಯರು ಹಟ ಹಿಡಿದು ಒಪ್ಪಿಕೊಂಡ ಪಂಥ ಇದು.

ಮೂರೇ ದಿನ ಉಳಿದಿತ್ತು. ಮೈಸೂರಿನ ರೈಲಿನಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿ, 12 ಸಾಲು ಕೆಳಗೆ ಇಳಿದೇ ಬಿಟ್ಟಿತು. ಅಳು ಬಂತು. ಎಲ್ಲ ಬಿಚ್ಚಲು ಹೊರಟಿದ್ದೆ.

ಎದುರು ಕೂತಿದ್ದ ನೀವು, "ಬಿಚ್ಚಬೇಡ ಮಗಾ, ಕೊಡು ಇಲ್ಲಿ" ಅಂದಿರಿ. ಚೀಲದಿಂದ ಕ್ರೋಶಾ ಕಡ್ಡಿ ತೆಗೆದು, ಏಣಿಯ ಮೆಟ್ಟಿಲಿನಂತಿದ್ದ ಒಂದೊಂದೇ ಅಡ್ಡ ಎಳೆಯನ್ನು ಕುಣಿಕೆಯೊಳಗಿಂದ ಎಳೆದು ಮೇಲೆ ತಂದಿರಿ. ಎಷ್ಟು ನಿಧಾನ, ಎಷ್ಟು ಸಲೀಸು! ಹೆಸರು ಕೇಳುವಷ್ಟರಲ್ಲಿ ಮಂಡ್ಯ ಬಂತು.

ಅಜ್ಜಿ, ಸ್ವೆಟರ್ ಸಮಯಕ್ಕೆ ಮುಗಿಯಿತು. ನೀವು ಎತ್ತಿದ ಜಾಗ ಹುಡುಕಿದರೂ ಸಿಗುವುದಿಲ್ಲ. ತುಂಬಾ ಥ್ಯಾಂಕ್ಸ್.