ಮಳೆಗಾಲದ ಚಿತೆಗೆ ಸೂರು ಬೇಕು

ಮಾನ್ಯ ಸಂಪಾದಕರೇ,

ಕಳೆದ ಶ್ರಾವಣದಲ್ಲಿ ಭೀಮಾ ತೀರದ ನಮ್ಮೂರಿನಲ್ಲಿ ತಂದೆಯವರ ಶವಸಂಸ್ಕಾರ ನಡೆದಾಗ ಜಿಟಿಜಿಟಿ ಮಳೆ ಹಿಡಿದಿತ್ತು. ಸುಡುಗಾಡಿಗೆ ಸೂರಿಲ್ಲದ ಕಾರಣ ನಾಲ್ವರು ತಗಡು ಎತ್ತಿ ಹಿಡಿದರು. ತೊಯ್ದ ಜಾಲಿ ಕಟ್ಟಿಗೆ ಹತ್ತಿಕೊಳ್ಳದೆ, ಮನೆಮನೆಯಿಂದ ಕುಳ್ಳು, ಒಣಗಿದ ತೊಗರಿ ಕಟ್ಟಿಗೆ ತಂದು ಒಟ್ಟಬೇಕಾಯಿತು. ಮಡಕೆ ಹೊತ್ತು ಮೂರು ಸುತ್ತು ಬಂದು ಕೊಳ್ಳಿಯಿಟ್ಟ ನಾನು ಎರಡು ತಾಸು ಬರೀ ಹೊಗೆಯನ್ನೇ ನೋಡುತ್ತ ನಿಂತೆ.

ಅಂತ್ಯೇಷ್ಟಿ ಎಂದರೆ ಕೊನೆಯ ಆಹುತಿ. ಋಗ್ವೇದದ 10ನೆಯ ಮಂಡಲದ 16ನೆಯ ಸೂಕ್ತವು, ಮೃತನನ್ನು ಸುಟ್ಟು ನಾಶಮಾಡದೆ ಪಕ್ವಗೊಳಿಸಿ ಪಿತೃಗಳಿಗೆ ಒಪ್ಪಿಸೆಂದು ಅಗ್ನಿಯನ್ನು ಬೇಡುತ್ತದೆ. ಕಣ್ಣು ಸೂರ್ಯನನ್ನು, ಉಸಿರು ಗಾಳಿಯನ್ನು ಸೇರಲೆನ್ನುತ್ತದೆ. ಅಷ್ಟು ಗೌರವದಿಂದ ಕಳುಹಿಸಬೇಕಾದ ದೇಹ ಅರೆಬೆಂದು ಉಳಿಯುವುದನ್ನು ಯಾವ ಮಗನೂ ನೋಡಬಾರದು. ಮೂರನೆಯ ದಿನ ಅಸ್ಥಿ ಆಯಲು ಹೋದಾಗ ಬೂದಿಯೆಲ್ಲ ಕೆಸರಾಗಿತ್ತು.

ಒಂದು ಚಿತೆಗೆ ಸುಮಾರು 300ರಿಂದ 400 ಕಿಲೋ ಒಣ ಕಟ್ಟಿಗೆ ಬೇಕು. ನೆಲದಿಂದ ಎತ್ತರಿಸಿದ ಕಬ್ಬಿಣದ ಜಾಲರಿಯ ಮೇಲೆ ಒಟ್ಟಿದರೆ ಅಡಿಯಿಂದ ಗಾಳಿಯಾಡಿ ಅದಕ್ಕಿಂತ ಕಡಿಮೆಯಲ್ಲೇ ಉರಿ ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಹೂಳುವ ಮನೆತನಗಳು ಬಹಳವಿರುವುದರಿಂದಲೋ ಏನೋ, ಸುಡುವವರ ಈ ಕಷ್ಟ ಗಮನಕ್ಕೇ ಬಂದಿಲ್ಲ. ಗ್ರಾಮ ಪಂಚಾಯಿತಿಗಳು ಬರುವ ಮುಂಗಾರಿಗೆ ಮುನ್ನ ಪ್ರತಿ ಸುಡುಗಾಡಿಗೆ ತಗಡಿನ ಸೂರು, ಜಾಲರಿ ಹಾಗೂ ಕಟ್ಟಿಗೆ ಒಣಗಿಸಿಡಲು ಒಂದು ಕೋಣೆ ಒದಗಿಸಬೇಕೆಂದು ಕೋರುತ್ತೇನೆ.

— ಓದುಗ, ಅಫಜಲಪುರ ತಾಲ್ಲೂಕು, ಕಲಬುರಗಿ ಜಿಲ್ಲೆ